ಜಡ್ಜಮ್ಮನ ಹಡಗು

ಮಾರ್ಚ್ ೩, ಮಂಗಳವಾರ

ಜೈಲಿನಲ್ಲಿ ಪಾಳಿ ಮುಗಿಸಿ ಹೊರಡುವ ಮುಂಚೆ ಆವತ್ತು ಏನೇನಾಯಿತೆಂದು ಬರೆದು ಸಹಿ ಹಾಕಬೇಕು. ವಾರ್ಡರ್ ಆದಾಗಿನಿಂದ ಮಾಡಿಕೊಂಡು ಬಂದ ಕೆಲಸ. ಈಗ ರಜೆಯ ಮೇಲೆ ಮನೆಯಲ್ಲಿ ಕೂತರೆ, ಸಂಜೆಯಾಗುತ್ತಿದ್ದಂತೆ ಏನೋ ಮರೆತೆನಲ್ಲ ಅನಿಸುತ್ತದೆ. ಅದಕ್ಕೇ ಇದು. ಯಾರಿಗೂ ತೋರಿಸುವುದಕ್ಕಲ್ಲ, ಸಹಿಯೂ ಇಲ್ಲ.

ರಜೆ ನಾನು ಕೇಳಿ ಪಡೆದದ್ದಲ್ಲ. ಹೋದ ವಾರ ಊಟದ ಹಾಲ್‌ನಲ್ಲಿ ಗಲಾಟೆಯಾಯಿತು. ಟೈಲರ್ ಎಂದು ಕರೆಸಿಕೊಳ್ಳುವ ಕೈದಿಯೊಬ್ಬನಿದ್ದಾನೆ. ಹೊರಗೆ ಅವನು ಬಟ್ಟೆ ಹೊಲಿದವನಲ್ಲ, ಇಬ್ಬರ ಹೊಟ್ಟೆ ಸೀಳಿದವನು. ಅವನು ಒಂದು ಜಗ್ ಕುದಿಯುವ ನೀರಿಗೆ ಸಕ್ಕರೆ ಸುರಿದು ತಂದು ನನ್ನ ಜೊತೆಯವನ ಮುಖಕ್ಕೆ ಎರಚಿದ. ಬರೀ ಬಿಸಿನೀರು ಹರಿದು ಹೋಗುತ್ತದೆ. ಸಕ್ಕರೆ ಬೆರೆತದ್ದು ಚರ್ಮಕ್ಕೆ ಅಂಟಿಕೊಂಡು ಬೇಯಿಸುತ್ತಲೇ ಇರುತ್ತದೆ. ಜೊತೆಯವನಿಗೆ ನಾವು ಗಡಿಯಾರ ಅನ್ನುತ್ತೇವೆ, ಒಂದು ದಿನವೂ ತಡವಾಗಿ ಬಂದವನಲ್ಲ. ಅವನು ಕೂಗಿದ್ದು ಮನುಷ್ಯರ ಕೂಗಿನ ಹಾಗಿರಲಿಲ್ಲ.

ನಾನು ಅಡ್ಡ ಹಾಕಿದ ಎಡಗೈ ಮೊಣಕೈವರೆಗೆ ಸುಟ್ಟಿತು. ಬಲಗೈ ಚೆನ್ನಾಗಿತ್ತಲ್ಲ, ಅದರಲ್ಲಿ ಟೈಲರನ ಕೂದಲು ಹಿಡಿದು ತಲೆಯನ್ನು ಕಬ್ಬಿಣದ ಬೆಂಚಿಗೆ ಬಡಿದೆ. ಬಿಡಿಸಿದವರು ದೊಡ್ಡಪ್ಪ. ನನಗೆ ನೆಂಟರಲ್ಲ, ನಮ್ಮ ಪಾಳಿಯ ಹಿರಿಯ ವಾರ್ಡರ್, ಎಲ್ಲರೂ ಹಾಗೇ ಕರೆಯುವುದು. ಎಷ್ಟು ಸಲ ಬಡಿದೆ ಎಂದು ಆಮೇಲೆ ಸೂಪರಿಂಟೆಂಡೆಂಟರು ಕೇಳಿದರು. ದೊಡ್ಡಪ್ಪ ಬಿಡಿಸುವವರೆಗೆ ಎಂದೆ. ಗಾಯ ಒಣಗುವವರೆಗೆ ಮನೆಯಲ್ಲಿರು ಎಂದು ಕಳಿಸಿದರು.

ಮನೆಯಲ್ಲಿ ಇಬ್ಬರಿದ್ದಾರೆ. ಒಬ್ಬಳು ಹೆಂಡತಿ. ಅವಳೂ ವಾರ್ಡರೇ, ಹೆಂಗಸರ ವಿಭಾಗದಲ್ಲಿ. ಈಗ ಹೆರಿಗೆ ರಜೆ, ಮಗುವಿಗಾಗಿ ಅದನ್ನು ಮುಂದುವರಿಸಿಕೊಂಡಿದ್ದಾಳೆ. ಕೆಲಸದಲ್ಲಿ ನನಗೆ ‘ನೀವು’ ಅನ್ನುತ್ತಿದ್ದವಳು ಮದುವೆಯಾದ ವಾರಕ್ಕೇ ‘ನೀನು’ಗೆ ಇಳಿಸಿಬಿಟ್ಟಳು. ಇನ್ನೊಬ್ಬಳು ಎಂಟು ತಿಂಗಳ ಮಗಳು. ಯಾರು ಎತ್ತಿಕೊಂಡರೂ ಹುಬ್ಬು ಗಂಟಿಕ್ಕಿ, ನಿನ್ನ ಮೇಲಿನ ಕೇಸೆಲ್ಲ ನನಗೆ ಗೊತ್ತಿದೆ ಅನ್ನುವ ಹಾಗೆ ನೋಡುತ್ತಾಳೆ. ಅದಕ್ಕೆ ಅವಳನ್ನು ಜಡ್ಜಮ್ಮ ಎಂದು ಕರೆಯುತ್ತೇನೆ.

ಇವತ್ತು ಷಡ್ಡಕ ಫೋನ್ ಮಾಡಿದ್ದ. ಹೆಂಡತಿಯ ಅಕ್ಕನ ಗಂಡ, ದೊಡ್ಡ ಪ್ರವಾಸಿ ಹಡಗೊಂದರಲ್ಲಿ ಬಟ್ಟೆ ಒಗೆಯುವ ವಿಭಾಗ ನೋಡಿಕೊಳ್ಳುತ್ತಾನೆ. ಕೆಲಸಗಾರರ ಮನೆಯವರಿಗೆ ವರ್ಷಕ್ಕೊಮ್ಮೆ ಹಡಗಿನಲ್ಲಿ ಕೋಣೆ ಕೊಡುತ್ತಾರಂತೆ. ತಿಂಗಳ ಕೊನೆಗೆ ಅಕ್ಕ ಹೊರಡುತ್ತಾಳೆ, ಪಕ್ಕದ ಕೋಣೆಗೆ ನೀವು ಮೂವರೂ ಬನ್ನಿ ಎಂದ. ಆರು ತಿಂಗಳು ತುಂಬಿದ ಮಗುವಾದರೆ ಹತ್ತಿಸಿಕೊಳ್ಳುತ್ತಾರಂತೆ. ಇವಳ ಮುಖ ಎಷ್ಟು ಅರಳಿತೆಂದರೆ, ಕೂಡಲೇ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಯೋಚಿಸೋಣ ಎಂದೆ.

ಮಾರ್ಚ್ ೫, ಗುರುವಾರ

ಷಡ್ಡಕ ಹಡಗಿನ ವಿಡಿಯೊ ಕಳಿಸಿದ್ದಾನೆ. ಇವಳು ಮಗುವಿಗೆ ಹಾಲೂಡಿಸುತ್ತ ಅದನ್ನೇ ಮತ್ತೆ ಮತ್ತೆ ನೋಡಿದಳು. ನಾನೂ ನೋಡಿದೆ. ಉದ್ದದ ಕಾರಿಡಾರ್, ಎರಡೂ ಕಡೆ ಒಂದೇ ಥರದ ಬಾಗಿಲುಗಳು, ಬಾಗಿಲಿಗೆ ನಂಬರು, ಒಳಗೆ ಗೋಡೆಗೆ ಬಿಗಿದ ಮಂಚ, ತೆರೆಯಲಾಗದ ಕಿಟಕಿ. ಊಟಕ್ಕೆ ಪಾಳಿ. ಹತ್ತುವಾಗಲೂ ಇಳಿಯುವಾಗಲೂ ತಲೆ ಎಣಿಕೆ. ಇದನ್ನು ನಾನು ದಿನಾ ನೋಡುತ್ತೇನೆ, ಇದಕ್ಕೂ ಜನ ಬಿಸಿಲು ಟೋಪಿ ಹಾಕಿಕೊಂಡು ಹೋಗುತ್ತಾರಲ್ಲ ಎಂದೆ. ನಿನ್ನ ಬ್ಯಾರಕ್ಕಿನಲ್ಲಿ ಈಜುಕೊಳ ಇದೆಯಾ ಎಂದು ಇವಳು ನಕ್ಕಳು.

ಅವಳ ಚಿಂತೆಗಳೆಲ್ಲ ಅಮ್ಮಂದಿರ ಚಿಂತೆಗಳು. ಕೋಣೆಗೆ ತೊಟ್ಟಿಲು ಕೊಡುತ್ತಾರಾ, ಹಾಲಿನ ಬಾಟಲಿ ಕುದಿಸುವುದು ಎಲ್ಲಿ, ಹಡಗು ಓಲಾಡಿ ಮಗು ಕಕ್ಕಿಕೊಂಡರೆ ಏನು ಮಾಡುವುದು. ಡೈಪರ್ ಹಾಕುವ ಮಕ್ಕಳನ್ನು ಕೊಳಕ್ಕೆ ಬಿಡುವುದಿಲ್ಲವಂತೆ, ಇರಲಿ, ಬಚ್ಚಲಿನಲ್ಲಿ ಕೂರಿಸಿ ನೀರಾಡಿಸಿದರಾಯಿತು ಎಂದಳು. ಹಡಗಿನಲ್ಲೇ ಡಾಕ್ಟರ್ ಇರುತ್ತಾರೆಂದು ಕೇಳಿ ಅವಳಿಗೆ ಸಮಾಧಾನವಾಯಿತು.

ನನ್ನ ಚಿಂತೆ ಬೇರೆ. ಸಾವಿರಾರು ಜನ ಹತ್ತುತ್ತಾರೆ. ಅದರಲ್ಲಿ ಯಾರು ಎಂಥವರೆಂದು ನೋಡುವವರಾರು? ಹಡಗಿನ ಮೇಲಿನ ತೆರೆದ ಅಂಗಳದ ಕಂಬಿ ನನ್ನ ಎದೆ ಮಟ್ಟಕ್ಕಿದೆ. ಮಗುವನ್ನೆತ್ತಿಕೊಂಡು ನಿಂತರೆ ಮಗು ಕಂಬಿಗಿಂತ ಮೇಲಿರುತ್ತದೆ. ಹಿಂದಿನಿಂದ ಒಬ್ಬ ಬಂದು ಕಿತ್ತುಕೊಂಡು ಎಸೆದರೆ? ಎಸೆಯುವ ಮೊದಲು ಅವನ ಹೆಬ್ಬೆರಳು ಮುರಿಯಬೇಕು, ಹೆಬ್ಬೆರಳು ಹೋದರೆ ಹಿಡಿತ ಹೋಗುತ್ತದೆ. ಆಮೇಲೆ ಗಂಟಲು. ಮಧ್ಯಾಹ್ನವಿಡೀ ಆ ಮುಖವಿಲ್ಲದವನನ್ನು ಹೊಡೆಯುತ್ತ ಕೂತಿದ್ದೆ. ಎಡಗೈ ಉರಿಯಿತೆಂದು ನೋಡಿದರೆ, ಮುಷ್ಟಿ ಬಿಗಿಹಿಡಿದು ಬ್ಯಾಂಡೇಜಿನ ಮೇಲೆ ರಕ್ತ ಬಂದಿತ್ತು.

ಮಾರ್ಚ್ ೮, ಭಾನುವಾರ

ಗಡಿಯಾರನನ್ನು ನೋಡಲು ಆಸ್ಪತ್ರೆಗೆ ಮೂವರೂ ಹೋಗಿದ್ದೆವು. ಒಂದು ಕಣ್ಣು ಹೋಗಿದೆ. ಇನ್ನೊಂದು ಉಳಿಯುತ್ತದೆ ಅನ್ನುತ್ತಾರೆ. ತುಟಿ ಒಂದು ಕಡೆಗೆ ಎಳೆದುಕೊಂಡು ಅವನು ಸದಾ ನಗುತ್ತಿರುವ ಹಾಗೆ ಕಾಣುತ್ತದೆ. ಅವನ ತಾಯಿ ನನ್ನ ಕೈ ಹಿಡಿದು, ಆ ಟೈಲರನನ್ನು ಸುಮ್ಮನೆ ಬಿಟ್ಟಿಲ್ಲ ತಾನೇ ಎಂದು ಕೇಳಿದರು. ಇಲ್ಲಮ್ಮ, ಬಿಟ್ಟಿಲ್ಲ ಎಂದೆ. ಗಡಿಯಾರ ಮಾತ್ರ ಆ ಸುದ್ದಿಯನ್ನೇ ಎತ್ತಲಿಲ್ಲ. ಜಡ್ಜಮ್ಮನನ್ನು ಹತ್ತಿರ ತರಲು ಹೇಳಿದ. ಅವಳು ಅವನ ಬ್ಯಾಂಡೇಜನ್ನು ನೋಡಿ ಹುಬ್ಬು ಗಂಟಿಕ್ಕಿದಳು, ಆಮೇಲೆ ನಕ್ಕಳು. ನಾನು ಹೊರಗೆ ಬಂದು ಬಾತ್‌ರೂಮಿನಲ್ಲಿ ಅತ್ತೆ.

ವಾಪಸ್ ಬರುವಾಗ ದಾರಿಯಲ್ಲಿ ಸಣ್ಣ ಗಲಾಟೆ. ಮಗುವಿನ ಗಾಡಿಯನ್ನು ಇವಳು ತಳ್ಳುತ್ತಿದ್ದಳು. ಮನೆಮನೆಗೆ ಊಟ ತಲುಪಿಸುವವನೊಬ್ಬ ಫುಟ್‌ಪಾತಿನ ಮೇಲೇ ಬೈಕ್ ಹತ್ತಿಸಿಕೊಂಡು ಬಂದ, ಗಾಡಿಯ ಚಕ್ರಕ್ಕೆ ತಾಗಿಸಿದ. ಗಾಡಿ ಅಲುಗಿತು, ಅಷ್ಟೇ, ಮಗುವಿಗೆ ಎಚ್ಚರವೂ ಆಗಲಿಲ್ಲ. ಅವನು ಸಾರಿ ಎಂದ. ಸಾರಿ ಅಂದವನ ಬಲಗೈ ಬೆನ್ನಿನ ಚೀಲದೊಳಗೆ ಹೋಯಿತು. ಯಾಕೆ ಹೋಯಿತು? ನಮ್ಮಲ್ಲಿ ಯಾರಾದರೂ ಹಾಗೆ ಕೈ ಮರೆ ಮಾಡಿದರೆ ಕಾಯುವುದಿಲ್ಲ. ಹೆಲ್ಮೆಟ್ ಸಮೇತ ಅವನನ್ನು ಅಂಗಡಿಯ ಶಟರಿಗೆ ಒತ್ತಿ ಎರಡೇಟು ಕೊಟ್ಟೆ. ಹೆಲ್ಮೆಟ್ ಕಳಚಿದ ಮೇಲೆ ಇನ್ನೆರಡು. ಅವನ ಬಾಯಿಂದ ಒಂದು ಹಲ್ಲು ಬಿತ್ತು, ಬಿಳಿ ಶರ್ಟೆಲ್ಲ ಕೆಂಪಾಯಿತು. ಚೀಲದಲ್ಲಿ ಯಾರದೋ ಊಟದ ಪೊಟ್ಟಣ ಒಡೆಯಿತೇ ಎಂದು ನೋಡಲು ಕೈ ಹಾಕಿದ್ದನಂತೆ.

ಜನ ಸೇರಿದರು, ಯಾರೂ ಹತ್ತಿರ ಬರಲಿಲ್ಲ. ಇವಳು ಮಗುವಿನ ಗಾಡಿ ತಳ್ಳಿಕೊಂಡು ಮುಂದೆ ಹೋಗಿಬಿಟ್ಟಿದ್ದಳು, ಬೇಗ ಬೇಗ. ಅವಳಿಗೂ ಭಯವಾಗಿತ್ತು ಪಾಪ. ಆ ಬೈಕಿನವನಂಥವರು ಬೀದಿಯಲ್ಲೇ ಇಷ್ಟು ಮಂದಿ ಇರುವಾಗ ಹಡಗಿನಲ್ಲಿ ಇರುವುದಿಲ್ಲವೇ ಎಂದು ಕೇಳಿದೆ. ಹ್ಞೂಂ ಎಂದಳು.

ಮಾರ್ಚ್ ೧೧, ಬುಧವಾರ

ಇವಳ ಪಾದಕ್ಕೆ ಸ್ವಲ್ಪ ಸುಟ್ಟಿದೆ. ಆದದ್ದು ಹೀಗೆ. ನೆಲದ ಮೇಲೆ ಮಗು ಅಂಬೆಗಾಲಿಡುತ್ತಿತ್ತು. ಇವಳು ಅಡಿಗೆಮನೆಯಿಂದ ಚಹಾ ತಂದಳು, ನನಗೇ ತಂದದ್ದು. ಲೋಟದಿಂದ ಹಬೆ ಬರುತ್ತಿತ್ತು. ಮಗುವಿನ ಹತ್ತಿರ ಬಂದು ಬಗ್ಗಿದಳು. ನಾನು ಹೊಡೆದದ್ದು ಲೋಟಕ್ಕೆ, ಅವಳಿಗಲ್ಲ. ಲೋಟ ಗೋಡೆಗೆ ಹೋಯಿತು, ಚಹಾ ಅವಳ ಕಾಲಿನ ಮೇಲೆ ಚೆಲ್ಲಿತು. ಮಣಿಕಟ್ಟಿಗೂ ನನ್ನ ಕೈ ತಾಗಿತೆಂದು ಕಾಣುತ್ತದೆ, ಊದಿದೆ.

ಅವಳು ಕೂಗಲಿಲ್ಲ. ಮಗುವನ್ನೆತ್ತಿಕೊಂಡು ಬಚ್ಚಲಿಗೆ ಹೋಗಿ ಕಾಲಿಗೆ ನೀರು ಬಿಟ್ಟುಕೊಂಡಳು. ನಾನು ಬಾಗಿಲ ಹೊರಗೆ ನಿಂತು ಸಕ್ಕರೆಯ ವಿಷಯ ವಿವರಿಸಿದೆ. ಚಹಾದಲ್ಲಿ ಸಕ್ಕರೆ ಇತ್ತಲ್ಲ. ಗಡಿಯಾರನ ಮುಖ ನೀನೂ ನೋಡಿದೆಯಲ್ಲ ಎಂದೆ. ಒಳಗೆ ಅವಳು ನಲ್ಲಿಯನ್ನು ಇನ್ನೂ ಜೋರಾಗಿ ಬಿಟ್ಟಳು.

ಮಾರ್ಚ್ ೧೨, ಗುರುವಾರ

ಮನೆಯಲ್ಲಿದ್ದ ಸಕ್ಕರೆಯನ್ನೆಲ್ಲ ಚರಂಡಿಗೆ ಸುರಿದೆ. ಮಗು ಎಚ್ಚರವಿರುವಾಗ ಒಲೆ ಹಚ್ಚಬಾರದು. ಇವಳು ಸರಿ ಎಂದಳು.

ಮಾರ್ಚ್ ೧೫, ಭಾನುವಾರ

ಅಕ್ಕ ಫೋನ್ ಮಾಡಿ, ಕೋಣೆ ಬೇಕೋ ಬೇಡವೋ ಈ ವಾರ ಹೇಳಬೇಕೆಂದಳಂತೆ. ಬೇಡ ಎಂದು ಹೇಳು ಎಂದೆ. ಮಗುವಿಗೆ ಎರಡು ವರ್ಷವಾಗಲಿ, ಆಮೇಲೆ ನೋಡೋಣ. ಇವಳು ಮಗುವಿನ ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಹೇಳಿದಳು.

“ನನಗೆ ಹೋಗ್ಬೇಕು. ಹೆರಿಗೆ ಆದಾಗಿಂದ ಈ ನಾಲ್ಕು ಗೋಡೆ ಬಿಟ್ಟು ಎಲ್ಲೂ ಹೋಗಿಲ್ಲ. ನಿನಗೆ ಬೇಡ ಅಂದ್ರೆ ನಾನು, ಮಗು, ಅಕ್ಕ ಹೋಗಿ ಬರ್ತೀವಿ.”

ನನ್ನನ್ನು ಬಿಟ್ಟು. ನನ್ನ ಮಗಳನ್ನು ಸಾವಿರಾರು ಜನರ ನಡುವೆ, ನೀರಿನ ಮೇಲೆ, ನನ್ನನ್ನು ಬಿಟ್ಟು. ಅವಳು ಮಗುವಿದ್ದ ಕೋಣೆಯ ಬಾಗಿಲ ಕಡೆ ಹೋದಳು, ನಾನು ಮೊದಲು ತಲುಪಿದೆ. ತಡೆಯಲು ಮಾತ್ರ ತೋಳು ಹಿಡಿದೆ. ಅವಳು ಬಿಡಿಸಿಕೊಂಡಾಗ ನನ್ನ ಕೈ ಬಾಗಿಲಿಗೆ ಹೋಯಿತು. ಮಲಗುವ ಕೋಣೆಯ ಬಾಗಿಲಿನ ನಡುವಿನ ಹಲಗೆ ಮುರಿದಿದೆ. ತೂತಿನೊಳಗಿಂದ ನೋಡಿದರೆ ಮಂಚದ ಮೇಲೆ ಜಡ್ಜಮ್ಮ ಕೂತು ನನ್ನನ್ನೇ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಮುದ್ದಾಗಿ ಕಂಡಳು, ಬೆರಳು ತೂರಿಸಿ ಆಡಿಸಿದೆ. ಅವಳು ಹಿಂದಕ್ಕೆ ಸರಿದಳು. ಹಲ್ಲು ಬರುವ ಕಾಲ, ಮಕ್ಕಳು ಹಾಗೆಯೇ.

ಹಳೆಯ ಕಾಲದ ಅಗ್ಗದ ಬಾಗಿಲು. ಒಣ ಕಡ್ಡಿಯ ಹಾಗೆ ಮುರಿಯಿತು.

ಮಾರ್ಚ್ ೧೭, ಮಂಗಳವಾರ

ಒಂದು ವಿಷಯ ಗಮನಿಸಿ ಖುಷಿಯಾಯಿತು. ಹೆಂಡತಿ ಕೆಲಸ ಮರೆತಿಲ್ಲ. ನಿನ್ನೆಯಿಂದ ನನ್ನ ಜೊತೆ ಮಾತಾಡುವಾಗ ದನಿ ತಗ್ಗಿಸಿ, ನಿಧಾನವಾಗಿ, ಒಂದೊಂದೇ ಮಾತು ಹೇಳುತ್ತಾಳೆ. ಎದುರಿಗೆ ನಿಲ್ಲುವುದಿಲ್ಲ, ಓರೆಯಾಗಿ ನಿಲ್ಲುತ್ತಾಳೆ, ಬಾಗಿಲು ಬೆನ್ನಿಗಿರುತ್ತದೆ. ಎರಡೂ ಕೈ ಕಾಣುವ ಹಾಗೆ ಇಟ್ಟಿರುತ್ತಾಳೆ. ಕೆಟ್ಟ ದಿನವಿರುವ ಕೈದಿಯ ಸೆಲ್ಲಿಗೆ ಹೋಗುವಾಗ ನಾವೆಲ್ಲ ಹೀಗೆ ಮಾಡುವುದು. ಎಷ್ಟೋ ಜನರಿಗೆ ಹೆರಿಗೆ ರಜೆ ಮುಗಿಸಿ ಬಂದಾಗ ಕೈಕಾಲು ಬಿಗಿದುಕೊಂಡಿರುತ್ತವೆ. ಇವಳಿಗೆ ಆ ಕಷ್ಟವಿಲ್ಲ.

‘ನೀವು’ ಎಂದೂ ಅನ್ನತೊಡಗಿದ್ದಾಳೆ. ಏನಮ್ಮ, ಇದ್ದಕ್ಕಿದ್ದಂತೆ ಇಷ್ಟು ಮರ್ಯಾದೆ ಎಂದು ರೇಗಿಸಿದೆ. ಬಾಯಿಗೆ ಬಂತು ಎಂದಳು.

ಅವಳು ಇಷ್ಟು ಹೊಂದಿಕೊಂಡಿರುವಾಗ ನಾನೂ ಸ್ವಲ್ಪ ಸಡಿಲಿಸಬೇಕಲ್ಲ. ಹೋಗೋಣ, ಹಡಗಿಗೆ ಮೂವರೂ ಹೋಗೋಣ ಎಂದುಬಿಟ್ಟೆ. ಕುಣಿಯುತ್ತಾಳೆ ಅಂದುಕೊಂಡಿದ್ದೆ. ನನ್ನ ಮುಖವನ್ನೇ ನೋಡಿ, ನಿಮಗೆ ಕಷ್ಟ ಆಗೋದಾದ್ರೆ ಬೇಡ ಎಂದಳು. ಇಲ್ಲ, ಎಲ್ಲ ಯೋಚಿಸಿದ್ದೇನೆ ಎಂದೆ. ಮಗು ಇಡೀ ದಿನ ನನ್ನ ಎದೆಗೆ ಪಟ್ಟಿಯಲ್ಲಿ ಕಟ್ಟಿಕೊಂಡಿರುತ್ತದೆ. ಕೋಣೆಯ ಬಾಗಿಲಿಗೆ ನಾನು ಬೇರೆ ಚಿಲಕ ಒಯ್ಯುತ್ತೇನೆ. ಊಟ ಕೋಣೆಗೇ ತರಿಸುವುದು, ತರುವವನು ಹೊರಗೇ ಇಟ್ಟು ಹೋಗಬೇಕು. ಅಂಗಳಕ್ಕೆ ಹೋಗುವ ಮಾತೇ ಇಲ್ಲ. ಎಲ್ಲ ಕೇಳಿಸಿಕೊಂಡು, ಆಯ್ತು ಎಂದಳು.

ಮಾರ್ಚ್ ೨೧, ಶನಿವಾರ

ಇವತ್ತಿನದನ್ನು ಬರೆಯದೆ ಬಿಡೋಣ ಅನಿಸಿತ್ತು. ಆದರೂ ಆದದ್ದನ್ನು ಆದ ಹಾಗೇ ಬರೆಯಬೇಕು.

ಹಡಗು ಹತ್ತಿದ ದಿನವೇ ಎಲ್ಲರಿಗೂ ಅಭ್ಯಾಸ ಮಾಡಿಸುತ್ತಾರಂತೆ, ಸೈರನ್ ಹೊಡೆದರೆ ಎಲ್ಲಿಗೆ ಓಡಬೇಕು, ನೀರಿನಲ್ಲಿ ತೇಲಿಸುವ ಜಾಕೆಟ್ ಹೇಗೆ ಹಾಕಬೇಕು ಎಂದು. ಷಡ್ಡಕ ಹೇಳಿದ್ದ. ಅಲ್ಲಿ ಹೋಗಿ ತಡಬಡಾಯಿಸುವುದೇಕೆ, ಮನೆಯಲ್ಲೇ ರೂಢಿಯಾಗಲಿ ಎಂದು ನಾನು ನಿನ್ನೆಯಿಂದ ಶುರು ಮಾಡಿದೆ. ನಾನು ಸೀಟಿ ಊದಬೇಕು, ಇವಳು ಏನೇ ಮಾಡುತ್ತಿದ್ದರೂ ಬಿಟ್ಟು ಮಗುವನ್ನೆತ್ತಿಕೊಂಡು ಮಲಗುವ ಕೋಣೆಯಿಂದ ಹೊರಬಾಗಿಲಿಗೆ ಬರಬೇಕು. ನಿನ್ನೆ ಪರವಾಗಿರಲಿಲ್ಲ. ಇವತ್ತು ಬೆಳಿಗ್ಗೆಯಿಂದ ನಿಧಾನ. ಕಾಲು ಉರಿಯುತ್ತದೆ ಎಂದಳು. ಬೆಂಕಿ ಬಿದ್ದಾಗ ಕಾಲು ಉರಿಯುತ್ತದೆಂದು ಕೂರುತ್ತೀಯಾ ಎಂದೆ. ಮತ್ತೆ ಊದಿದೆ. ಮತ್ತೆ ನಿಧಾನ. ಮತ್ತೆ.

ಕೊನೆಯ ಸಲ ಅವಳು ಬರಲೇ ಇಲ್ಲ. ಹೋಗಿ ನೋಡಿದರೆ ಮಂಚದ ಮೇಲೆ ಮಗುವನ್ನು ಅವಚಿಕೊಂಡು ಕೂತಿದ್ದಳು. “ಸಾಕು,” ಎಂದಳು. ಆ ಕ್ಷಣ ನನಗೆ ನಿಜವಾಗಿಯೂ ಹೊಗೆಯ ವಾಸನೆ ಬಂತು. ಇವಳು ಮುಳುಗುವ ಹಡಗಿನಲ್ಲಿ ಹೀಗೇ ಕೂರುತ್ತಾಳೆ, ಮಗು ಸಾಯುತ್ತದೆ ಅನಿಸಿತು. ಮಗುವನ್ನು ಕೊಡು ಎಂದೆ. ಅವಳು ಕೊಡಲಿಲ್ಲ. ನಾನು ಹಿಡಿದೆ. ಹಿಡಿದದ್ದು ಮಗುವಿನ ಕೈ. ಎಳೆದೆ.

ಸಣ್ಣ ಸದ್ದು. ಆಮೇಲೆ ಮಗು ಕೂಗಿದ ಕೂಗು. ಎಡಗೈ ಜೋತುಬಿತ್ತು, ಎತ್ತಲಾಗುತ್ತಿರಲಿಲ್ಲ.

ಹತ್ತಿರದ ಕ್ಲಿನಿಕ್‌ಗೆ ಓಡಿದೆವು. ಡಾಕ್ಟರಮ್ಮ ಮೊಣಕೈಯನ್ನು ಹಿಡಿದು ತಿರುಗಿಸಿ ಮಡಚಿದರು, ಟಕ್ ಎಂದು ಕೂತಿತು. ಸ್ವಲ್ಪ ಹೊತ್ತಿಗೆ ಜಡ್ಜಮ್ಮ ಅದೇ ಕೈಯಲ್ಲಿ ಅವರ ಸ್ಟೆತೊಸ್ಕೋಪ್ ಹಿಡಿದುಕೊಂಡಳು. ಇದು ಸಣ್ಣ ಮಕ್ಕಳಿಗೆ ಆಗುತ್ತಿರುತ್ತದೆ, ಹೇಗಾಯಿತು ಎಂದು ಕೇಳಿದರು. ಎತ್ತಿ ಆಡಿಸುವಾಗ ಎಂದಳು ಇವಳು. ಡಾಕ್ಟರಮ್ಮ ಇವಳ ಊದಿದ ಮಣಿಕಟ್ಟು ನೋಡಿದರು, ಕಾಲಿನ ಪಟ್ಟಿ ನೋಡಿದರು, ಆಮೇಲೆ ನನ್ನನ್ನು ಹೊರಗೆ ಕೂರಲು ಹೇಳಿದರು. ತುಂಬ ಹೊತ್ತು ಒಳಗೆ ಏನೋ ಮಾತಾಡಿದರು. ಹೆಂಗಸರ ಆರೋಗ್ಯದ ವಿಷಯವಿರಬೇಕು.

ನನ್ನನ್ನು ಬಿಟ್ಟುಕೊಡಲಿಲ್ಲ ನನ್ನ ಹೆಂಡತಿ. ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ ದಾರಿಯಲ್ಲೇ ಅತ್ತೆ.

ಮಾರ್ಚ್ ೨೨, ಭಾನುವಾರ

ಸೀಟಿಯನ್ನು ಬಿಸಾಡಿದೆ. ಬಲಗೈಯನ್ನೂ ಬಿಸಾಡಬಹುದಾಗಿದ್ದರೆ.

ಮಾರ್ಚ್ ೨೬, ಗುರುವಾರ

ಮನೆ ಶಾಂತವಾಗಿದೆ. ಇಷ್ಟು ನೆಮ್ಮದಿಯ ದಿನಗಳು ಬಹಳ ಕಾಲದಿಂದ ಇರಲಿಲ್ಲ. ಮುಂದಿನ ಬುಧವಾರ ಹಡಗು. ಇವಳು ನಗುನಗುತ್ತ ತಯಾರಿ ಮಾಡುತ್ತಿದ್ದಾಳೆ. ನಾನು ಹೇಳಿದ್ದಕ್ಕೆಲ್ಲ ಆಯ್ತು. ನನಗೆ ಇಷ್ಟವಾದ ಅಡಿಗೆ. ಮಗುವನ್ನು ನಾನು ಎತ್ತಿಕೊಳ್ಳಲು ಹೋದರೆ, ಈಗಷ್ಟೇ ಮಲಗಿದಳು ಅನ್ನುತ್ತಾಳೆ, ಅಥವಾ ಹಸಿವು ಅನ್ನುತ್ತಾಳೆ. ಮಗುವಿಗೆ ಈಚೆಗೆ ನಿದ್ದೆಯೂ ಹಸಿವೂ ಜಾಸ್ತಿ.

ಟೈಲರನಿಗೆ ಇನ್ನೂ ಪ್ರಜ್ಞೆ ಸರಿಯಾಗಿ ಬಂದಿಲ್ಲವಂತೆ, ತಿಂದದ್ದು ಗಂಟಲಲ್ಲಿ ಇಳಿಯುತ್ತಿಲ್ಲವಂತೆ. ದೊಡ್ಡಪ್ಪ ಫೋನಿನಲ್ಲಿ ಹೇಳಿದರು. ಒಳ್ಳೆಯದಾಯಿತು ಎಂದೆ. ಅವರು, ಇವಳಿಗೆ ಫೋನ್ ಕೊಡು ಎಂದರು. ಇವಳು ಅದನ್ನು ಹಿಡಿದುಕೊಂಡು ಬಾಲ್ಕನಿಗೆ ಹೋದಳು. ಇಬ್ಬರೂ ಹಳೆಯ ಸಹೋದ್ಯೋಗಿಗಳು, ಮಾತು ಬೇಗ ಮುಗಿಯುವುದಿಲ್ಲ.

ಮಾರ್ಚ್ ೩೧, ಮಂಗಳವಾರ

ನಿನ್ನೆ ಬರೆಯಲಾಗಲಿಲ್ಲ.

ನಿನ್ನೆ ಬೆಳಿಗ್ಗೆ ದೊಡ್ಡಪ್ಪ ಮನೆಗೆ ಬಂದು, ಗಾಯದ ಪಟ್ಟಿ ಬದಲಾಯಿಸಲು ಜೈಲಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊರಡುವಾಗ ಇವಳು ಬಾಗಿಲವರೆಗೆ ಬಂದಳು, ಮಗುವಿನ ಕೈ ಹಿಡಿದು ನನಗೆ ಟಾಟಾ ಮಾಡಿಸಿದಳು. ಆಸ್ಪತ್ರೆಯಲ್ಲಿ ತಡ. ಆಮೇಲೆ ದೊಡ್ಡಪ್ಪ ಕ್ಯಾಂಟೀನಿಗೆ ಕರೆದರು, ಹಳೆಯ ಕತೆಗಳನ್ನೆಲ್ಲ ತೆಗೆದರು. ಮಧ್ಯಾಹ್ನ ದಾಟಿದ ಮೇಲೆ ನನ್ನನ್ನು ಮನೆಯ ಹತ್ತಿರ ಬಿಟ್ಟು, ಇಲ್ಲೇ ಒಂದು ಕೆಲಸ ಮುಗಿಸಿ ಬರುತ್ತೇನೆ ಎಂದು ಹೋದರು.

ಮನೆಯಲ್ಲಿ ಯಾರೂ ಇರಲಿಲ್ಲ. ಮಗುವಿನ ಬಾಟಲಿಗಳಿಲ್ಲ, ಗಾಡಿಯಿಲ್ಲ. ಕಪಾಟು ತೆಗೆದು ನೋಡಿದೆ. ಅವಳ ಬಟ್ಟೆ ಇದ್ದ ಜಾಗದಲ್ಲಿ ಹಳೆಯ ಹೊದಿಕೆಗಳನ್ನು ಮಡಚಿ ತುಂಬಿದ್ದಳು, ಖಾಲಿಯಾಗಿದ್ದು ಹೊರಗಿಂದ ಕಾಣದ ಹಾಗೆ. ಹಡಗಿನ ಕಂಪನಿಗೆ ಫೋನ್ ಮಾಡಿ ಕೇಳಿದೆ, ಹಡಗು ಬುಧವಾರದ್ದಲ್ಲ. ಸೋಮವಾರ ಮಧ್ಯಾಹ್ನದ್ದು.

ಆಗ ಅರ್ಥವಾಯಿತು. ಅಪಾಯಕಾರಿ ಕೈದಿಯೊಬ್ಬನಿಂದ ಇನ್ನೊಬ್ಬನನ್ನು ಬೇರೆ ಮಾಡಿ ಸಾಗಿಸುವಾಗ ನಾವು ಮಾಡುವುದೇ ಹೀಗೆ. ಸಾಗಿಸುವ ದಿನವನ್ನು ಸುಳ್ಳು ಹೇಳುತ್ತೇವೆ. ಸಾಮಾನು ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ಅಪಾಯಕಾರಿಯಾದವನಿಗೆ ಎಲ್ಲ ಎಂದಿನಂತೆ ಇದೆ ಅನಿಸಬೇಕು, ಒಳ್ಳೆಯ ಊಟ, ಒಳ್ಳೆಯ ಮಾತು. ಅವನು ನಂಬುವ ಒಬ್ಬರು ಬಂದು ಗಾಯ ತೋರಿಸಲು ಎಂದು ಕರೆದುಕೊಂಡು ಹೋಗಬೇಕು. ಹೊಸಬರಿಗೆ ಇದನ್ನು ಕಲಿಸುತ್ತಿದ್ದವಳು ಇವಳೇ. ಒಂದು ತಪ್ಪೂ ಮಾಡಿಲ್ಲ. ಸಮುದ್ರ, ಕಂಬಿ, ಸಾವಿರ ಜನ, ವಾಂತಿ, ಎಲ್ಲ ಒಂದು ಕಡೆ ಇಟ್ಟು, ಇನ್ನೊಂದು ಕಡೆ ನನ್ನನ್ನಿಟ್ಟು ತೂಗಿ ನೋಡಿದ್ದಾಳೆ. ಮಗುವಿಗೆ ಹಡಗೇ ವಾಸಿ ಎಂದು ತೀರ್ಮಾನಿಸಿದ್ದಾಳೆ.

ನಾನು ತೊಟ್ಟಿಲನ್ನು ಎತ್ತಿ ಗೋಡೆಗೆ ಒಗೆದೆ. ಮುರಿಯುವವರೆಗೆ ತುಳಿದೆ, ಮುರಿದ ಮೇಲೂ ತುಳಿದೆ. ಕಪಾಟಿನ ಅಂಚಿಗೆ ತಲೆ ಹೊಡೆದೆ. ಆಮೇಲೆ ಅಡಿಗೆಮನೆಗೆ ಹೋದೆ, ಚಾಕು ಬೇಕಿತ್ತು. ಯಾತಕ್ಕೆಂದು ಬರೆಯುವುದಿಲ್ಲ.

ಚಾಕು ಇರಲಿಲ್ಲ. ಒಂದೂ ಇರಲಿಲ್ಲ. ಕತ್ತರಿಯಿಲ್ಲ. ಬಚ್ಚಲಿನಲ್ಲಿ ರೇಜರ್ ಇಲ್ಲ, ನೆಲ ಒರೆಸುವ ಔಷಧಿಯ ಬಾಟಲಿ ಇಲ್ಲ, ನನ್ನ ನೋವಿನ ಮಾತ್ರೆಗಳಲ್ಲಿ ಒಂದು ದಿನದ್ದನ್ನು ಮಾತ್ರ ಕಾಗದದಲ್ಲಿ ಕಟ್ಟಿಟ್ಟಿದ್ದಳು. ಬಾಲ್ಕನಿಯ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿದ್ದಳು. ಮೊಳೆಗೆ ನೇತು ಹಾಕಿದ್ದ ಬೆಲ್ಟ್ ಇರಲಿಲ್ಲ. ಮೇಜಿನ ಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅನ್ನ, ಪಕ್ಕದಲ್ಲಿ ಪ್ಲಾಸ್ಟಿಕ್ ಚಮಚ.

ಜೀವ ತೆಗೆದುಕೊಳ್ಳಬಹುದೆಂದು ನಮಗೆ ಭಯವಿರುವ ಕೈದಿಯ ಸೆಲ್ ಹೀಗಿರುತ್ತದೆ. ಮಗುವನ್ನು ನನ್ನಿಂದ ಕಾಪಾಡಿ ಹೋದವಳು, ಹೋಗುವ ಮುಂಚೆ ನನ್ನನ್ನೂ ನನ್ನಿಂದ ಕಾಪಾಡಲು ಎಷ್ಟು ದಿನದಿಂದ ಮನೆಯ ಮೂಲೆ ಮೂಲೆ ಹುಡುಕಿದ್ದಳೋ. ನಾನು ನೆಲದ ಮೇಲೆ ಕೂತೆ.

ಫೋನ್ ಮಾಡಿದೆ. ಎತ್ತಿದಳು. 

“ಮಗು?”

“ಚೆನ್ನಾಗಿದಾಳೆ. ಅಕ್ಕನ ಹತ್ರ ಇದಾಳೆ.”

“ನಾನು ಅವಳಿಗೆ ಏನೂ ಮಾಡಲ್ಲ. ನಿನಗೆ ಗೊತ್ತು.”

“ಆವತ್ತು ಕೈ ಹಿಡಿದು ಎಳೆದಾಗಲೂ ಏನಾದ್ರೂ ಮಾಡ್ಬೇಕು ಅಂತ ನಿಮಗೆ ಇರ್ಲಿಲ್ಲ. ಅದೇ ನನಗೆ ಹೆದರಿಕೆ.”

ಅವಳು ಅಳುತ್ತಿದ್ದಳು, ಆದರೆ ಮಾತು ತಪ್ಪಲಿಲ್ಲ. ವಾಪಸ್ ಬಂದ ಮೇಲೆ ಅಕ್ಕನ ಮನೆಯಲ್ಲಿರುತ್ತೇವೆ ಎಂದಳು. ತಲೆಯ ಡಾಕ್ಟರು ಯಾರೆಂದು ದೊಡ್ಡಪ್ಪನಿಗೆ ಗೊತ್ತಿದೆ. ನಾನು ಅಲ್ಲಿಗೆ ಹೋಗಬೇಕು, ಅವರು ಸರಿ ಅನ್ನುವವರೆಗೆ ಮಗುವಿನ ಹತ್ತಿರ ಬರಬಾರದು. ಚಾಕುವನ್ನೆಲ್ಲ ಯಾಕೆ ಒಯ್ದೆ ಎಂದು ಕೇಳಿದೆ.

“ಅವಳಿಗೆ ಅಪ್ಪ ಬೇಕು, ಅದಕ್ಕೆ.”

ಗಾಳಿಯ ಸದ್ದು ಜೋರಾಗಿ ಲೈನ್ ಹೋಯಿತು. ಮತ್ತೆ ಮಾಡಿದೆ, ಸಿಗಲಿಲ್ಲ. ಹಡಗು ದೂರ ಹೋಗಿರಬೇಕು.

ಬೆಲ್ ಆಯಿತು. ದೊಡ್ಡಪ್ಪ. ನನ್ನ ಹಣೆಯ ರಕ್ತ ನೋಡಿದರು, ಹಿಂದಿನ ಚೂರುಚೂರು ತೊಟ್ಟಿಲು ನೋಡಿದರು. ನಾನು ಎರಡೂ ಕೈ ಜೋಡಿಸಿ ಮುಂದೆ ಚಾಚಿದೆ, ಬೇಡಿ ಹಾಕಿಸಿಕೊಳ್ಳುವವರು ಚಾಚುವ ಹಾಗೆ.

“ಕೈ ಇಳಿಸು,” ಎಂದರು. “ಶೂ ಹಾಕ್ಕೋ. ಡಾಕ್ಟರ್ ಕಾಯ್ತಿದಾರೆ.”

ಬೆಳಿಗ್ಗೆ ಚಪ್ಪಲಿಯಲ್ಲಿ ಹೋಗಿದ್ದೆ, ಈಗ ಸ್ಟ್ಯಾಂಡಿನಿಂದ ಶೂ ತೆಗೆದುಕೊಂಡು ಕಾಲಿಗೆ ಏರಿಸಿ ಬಗ್ಗಿದೆ. ಲೇಸುಗಳಿರಲಿಲ್ಲ. ಅದನ್ನೂ ಬಿಚ್ಚಿಕೊಂಡು ಹೋಗಿದ್ದಳು. ಏನು ಮಾಡುವುದೆಂದು ತಿಳಿಯದೆ ಅಲ್ಲೇ ಕೂತು ದೊಡ್ಡಪ್ಪನ ಮುಖ ನೋಡಿದೆ.

“ಪರವಾಗಿಲ್ಲ, ಹಾಗೇ ಬಾ,” ಎಂದು ಅವರು ನನ್ನ ತೋಳು ಹಿಡಿದು ಎಬ್ಬಿಸಿದರು. “ನಿಧಾನಕ್ಕೆ ನಡೆಯೋಣ.”